ಭರಣಿಗೆ ಕೈ ಹಾಕಿದವರು ಯಾರು?

ಹೊಟ್ಟೆಯಲ್ಲಿರುವುದನ್ನು ಬಾಯಿಗೆ ತರಲಾರದ ಮಗಳನ್ನು ಹೆತ್ತ ತಾಯಿ ಏನು ಮಾಡಬೇಕು? ಕೊಕುರಾ ಊರಿನ ಹಿಸಾಕೊಗೆ ಮೂರು ವರ್ಷದಿಂದ ಇದೇ ಚಿಂತೆ. ಮಗಳು ಚಿಗುಸಾಗೆ ಮೂವತ್ತನಾಲ್ಕು. ಬಾಗಿಲ ಹಿಡಿಕೆ ಮಾರುವ ಕಂಪನಿಯಲ್ಲಿ ಅವಳು ಹಿರಿಯಳು, ಕೈಕೆಳಗೆ ಏಳು ಮಂದಿ. ಅವಳು ಎದ್ದು ನಿಂತರೆ ಸಾಕು, ಏಳು ಮಂದಿಯೂ ಹಿಡಿಕೆ ಹುಡುಕುತ್ತಾರೆ (ಮಾರುವುದಕ್ಕಲ್ಲ, ಬಾಗಿಲು ತೆಗೆದು ಓಡುವುದಕ್ಕೆ). ಮನಸ್ಸು ಬೆಣ್ಣೆ, ಮುಖ ಸುಂಕದ ಕಟ್ಟೆ. ಯಾರಾದರೂ ಜೀವ ತೇಯ್ದು ಕೆಲಸ ಮಾಡಿದರೆ ಅವಳಿಂದ ಸಿಗುವ ಪರಮೋಚ್ಚ ಬಿರುದು ಇಷ್ಟೇ: "ಪರವಾಗಿಲ್ಲ. ಮುಂದಿನ ಸಲ ಇನ್ನೂ ಸರಿಯಾಗಿ ಮಾಡಿ."

ಆ ಏಳರಲ್ಲಿ ಒಬ್ಬ ಮಿಯಾಜಿ. ರಾತ್ರಿ ಊಟಕ್ಕೆ ಕುಳಿತರೆ ಚಿಗುಸಾ ವರದಿ ಒಪ್ಪಿಸುತ್ತಿದ್ದಳು. "ಮಿಯಾಜಿ ಇವತ್ತು ಎರಡು ಅನ್ನದ ಉಂಡೆ ತಿಂದ." "ಮಿಯಾಜಿ ಕೂದಲು ಕತ್ತರಿಸಿಕೊಂಡಿದ್ದಾನೆ, ಕಿವಿ ಕಾಣ್ಸುತ್ತೆ." ಉಳಿದ ಆರು ಮಂದಿಗೆ ಕಿವಿ ಇದೆಯೋ ಇಲ್ಲವೋ ಹಿಸಾಕೊಗೆ ಇವತ್ತಿಗೂ ತಿಳಿಯದು.

ಆ ಚಳಿಗಾಲ ಟಿವಿಯಲ್ಲಿ ಒಂದು ಅನಿಮೆ ಧಾರಾವಾಹಿ ಶುರುವಾಗಿತ್ತು. ಅದರಲ್ಲೂ ಆಫೀಸಿನ ಹಿರಿಯಳೊಬ್ಬಳು. ಕೈಕೆಳಗಿನ ಹುಡುಗನ ಮೇಲೆ ಪ್ರಾಣ, ಎದುರಿಗೆ ಬಂದರೆ ಬಾಯಿಗೆ ಬೀಗ. ಪಕ್ಕದ ಮನೆಯ ತಮಾಎ ಅದನ್ನು ರೆಕಾರ್ಡ್ ಮಾಡಿಟ್ಟುಕೊಂಡು ಶುಕ್ರವಾರ ಬೆಳಿಗ್ಗೆ ಚಹಾದ ಜೊತೆ ಹಾಕುತ್ತಿದ್ದಳು. ಹಿಸಾಕೊ ಪರದೆಗೇ ಬೆರಳು ಮಾಡಿ ಬೈಯುವಳು. "ಹೇಳೇ ಮಂಕೇ! ಒಂಬತ್ತು ವಾರ ಆಯ್ತು, ಇನ್ನೂ ಕಾಗದ ಜೋಡಿಸ್ತಾ ಕೂತಿದೀಯಲ್ಲ!"

"ಅದಕ್ಯಾಕೆ ಬೈತೀರಿ ಹಿಸಾಕೊ-ಸಾನ್, ಅದು ಬರೀ ಬಣ್ಣದ ಗೆರೆ" ಎಂದಳು ತಮಾಎ. "ನಿಮ್ಮನೇಲಿ ಉಸಿರಾಡೋದು ಒಂದಿದೆಯಲ್ಲ, ಅದಕ್ಕೆ ಬೈರಿ."

ಮಾರ್ಚ್ ನಡುವಿನ ಒಂದು ಸಂಜೆ ಉಸಿರಾಡುವುದು ಮನೆಗೆ ಬಂದು ಅನ್ನದ ಬಟ್ಟಲಿನ ಮುಂದೆ ಕುಳಿತು ಆ ದಿನದ ವರದಿ ಒಪ್ಪಿಸಿತು.

"ಮಿಯಾಜಿಗೆ ಸೆಂಡಾಯ್‌ಗೆ ವರ್ಗ ಆಗಿದೆ. ತಿಂಗಳ ಕೊನೆಗೆ ಹೊರಡ್ತಾನೆ."

ಹಿಸಾಕೊಳ ಕೈಯಲ್ಲಿದ್ದ ಊಟದ ಕಡ್ಡಿಗಳು ನಿಂತವು. ಸೆಂಡಾಯ್ ಎಂದರೆ ದೇಶದ ಇನ್ನೊಂದು ತುದಿ. "ನೀನೇನಂದೆ?"

"ಡ್ರಾಯರ್ ಖಾಲಿ ಮಾಡಿ ಬೀಗದ ಕೈ ಕೊಡಿ ಅಂದೆ."

"ಅಯ್ಯೋ ನನ್ನ ಕರ್ಮವೇ! ಅವನು?"

"ಕೊಟ್ಟ."

ಆ ರಾತ್ರಿ ಹಿಸಾಕೊ ತೀರ್ಮಾನಿಸಿದಳು: ಬಾಯಿಗೆ ಮಾತು ಬಾರದಿದ್ದರೆ ಭರಣಿ ಮಾತಾಡಲಿ.

ಭರಣಿ ಎಂದರೆ ಅಂತಿಂಥ ಭರಣಿಯಲ್ಲ. ತೊಂಬತ್ತು ವರ್ಷದ ಮಹಾಭರಣಿ. ಒಳಗೆ ಉಪ್ಪು ಹಾಕಿ ಹುಳಿ ಬರಿಸಿದ ಅಕ್ಕಿಯ ತೌಡು; ಅದರಲ್ಲಿ ಸೌತೆಕಾಯಿಯನ್ನೋ ಮೂಲಂಗಿಯನ್ನೋ ಹೂತಿಟ್ಟರೆ ಮಾರನೆಯ ದಿನಕ್ಕೆ ಅಮೃತ. ಆದರೆ ದಿನಕ್ಕೆರಡು ಸಲ ಬರಿಗೈ ಹಾಕಿ ತಳದಿಂದ ತಿರುವಬೇಕು, ಇಲ್ಲದಿದ್ದರೆ ತೌಡು ಕೆಡುತ್ತದೆ. ಹಾಕಿದ ಕೈಯ ರುಚಿಯೇ ಕಾಯಿಗೆ ಇಳಿಯುತ್ತದೆ. ಹಿಸಾಕೊಳ ಅಜ್ಜಿ, ಆಮೇಲೆ ಅಮ್ಮ, ಆಮೇಲೆ ಹಿಸಾಕೊ, ಮೂವರೂ ಹಳೇ ಕೊಕುರಾದ ಪದ್ಧತಿಯಂತೆ ಮದುವೆಯ ದಿನ ಇದೇ ಭರಣಿಯನ್ನು ಮಡಿಲಲ್ಲಿಟ್ಟುಕೊಂಡು ಗಂಡನ ಮನೆ ಸೇರಿದವರು. ಗಂಡ ಸತ್ತಾಗಲೂ ಹಿಸಾಕೊ ಬೆಳಿಗ್ಗೆ ತೌಡು ತಿರುವಿಯೇ ಅಳಲು ಕುಳಿತದ್ದು.

"ನಾನೂ ತಮಾಎನೂ ನಾಲ್ಕು ದಿನ ಬೆಪ್ಪುವಿಗೆ ಹೋಗ್ತೀವಿ" ಎಂದಳು ಮಗಳಿಗೆ. (ಬೆಪ್ಪು ಬಿಸಿನೀರಿನ ಬುಗ್ಗೆಗಳ ಊರು. ಹೋದವರಿಗೂ ಹೆಸರಿಗೂ ಸಂಬಂಧವಿಲ್ಲ ಎಂದು ಆಗ ಹಿಸಾಕೊ ನಂಬಿದ್ದಳು.) "ನೀನು ಬರೋದು ತಡ ಆಗುತ್ತೆ. ಭರಣೀನ ಆಫೀಸಿಗೇ ತಗೊಂಡು ಹೋಗು. ಯಾರನ್ನಾದರೂ ಸಹಾಯಕ್ಕೆ ಕರಿ. ಯಾರನ್ನಾದರೂ ಅಂದರೆ ಗೊತ್ತಾಯ್ತಲ್ಲ? ಕಿವಿ ಕಾಣೋವರನ್ನ."

ಚಿಗುಸಾ ಕಿವಿಯವರೆಗೂ ಕೆಂಪಾದಳು. ಬೆಳಿಗ್ಗೆ ಭರಣಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಮೋನೊರೈಲು ಹತ್ತಿದಳು. ಗಾಡಿಯ ತುಂಬ ಜನ. ಆದರೆ ಹುಳಿ ತೌಡಿನ ವಾಸನೆಗೆ ಅವಳ ಸುತ್ತ ಮಾತ್ರ ವಿಶಾಲ ಮೈದಾನ.

ನಾಲ್ಕು ದಿನ ಬಿಟ್ಟು ಹಿಸಾಕೊ ಮರಳಿದಳು. ಚಪ್ಪಲಿ ಬಿಟ್ಟವಳೇ ಅಡುಗೆಮನೆಗೆ ನುಗ್ಗಿ ಭರಣಿಯಿಂದ ಸೌತೆಕಾಯಿ ಎಳೆದು, ತೊಳೆದು, ಕಚ್ಚಿದಳು.

"ಯಾರ ಕೈ ಇದು?"

"ಎಲ್ಲರದೂ" ಎಂದಳು ಚಿಗುಸಾ. "ಒಬ್ಬನನ್ನೇ ಹೇಗಮ್ಮ ಕೇಳೋದು? ಜನ ಏನಂತಾರೆ? ಪಾಳಿಯ ಪಟ್ಟಿ ಮಾಡಿದೆ." ಚೀಲದಿಂದ ಪಟ್ಟಿ ತೆಗೆದಳು. ಗೆರೆ ಎಳೆದ ಕೋಷ್ಟಕ. ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು. ತಿರುವಿದ ಮೇಲೆ ಸಹಿಯ ಬದಲು ಪ್ರತಿಯೊಬ್ಬರ ಹೆಸರಿನ ಕೆಂಪು ಮೊಹರು.

ತೌಡು ಕುಟ್ಟುವವರನ್ನು ಲೋಕ ಕಂಡಿದೆ. ತೌಡಿಗೆ ಹಾಜರಿ ಪುಸ್ತಕ ಇಟ್ಟವಳು ಇವಳೊಬ್ಬಳೇ. ಹಿಸಾಕೊ ಹಣೆ ಚಚ್ಚಿಕೊಳ್ಳಲು ಕೈ ಎತ್ತಿದವಳು, ಸೌತೆಕಾಯಿಯನ್ನು ಇನ್ನೊಮ್ಮೆ ಕಚ್ಚಿದಳು.

"ಸುಳ್ಳು. ಐವತ್ತು ವರ್ಷದಿಂದ ತಿರುವಿದೀನಿ ಕಣೇ. ಏಳು ಕೈ ಹೊಕ್ಕಿದ್ದರೆ ಸಂತೆ ಆಗಿರೋದು. ಇದು ಒಂದೇ ಕೈ. ನಿಧಾನದ ಕೈ, ಗಂಡಸಿನದು. ನಿಂದಂತೂ ಅಲ್ಲ. ನಿನ್ನ ಮನಸ್ಸು ಕೆಟ್ಟಾಗ ನೀನು ಮುಟ್ಟಿದ್ದೆಲ್ಲ ಉಪ್ಪಾಗುತ್ತೆ." ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ನೋಡಿಲ್ಲಿ. ಮೊಹರು ಏಳು ಜನರದು, ಆದರೆ ಎಲ್ಲಾ ಎಡಕ್ಕೇ ವಾಲಿವೆ. ಒಬ್ಬನೇ ಒತ್ತಿದಾನೆ."

ಮಾರನೆಯ ದಿನ ಚಿಗುಸಾ ವಿಚಾರಣೆ ನಡೆಸಿದಳು. ಆರು ಮಂದಿಯೂ ತಲೆ ತಗ್ಗಿಸಿ ಒಪ್ಪಿಕೊಂಡರು: ಮಿಯಾಜಿ ಒಬ್ಬೊಬ್ಬರಿಗೆ ಒಂದೊಂದು ಡಬ್ಬಿ ಕಾಫಿ ಕೊಡಿಸಿ ಪಾಳಿಯನ್ನೂ ಮೊಹರನ್ನೂ ವಹಿಸಿಕೊಂಡಿದ್ದ. ಯಾಕೆಂದು ಕೇಳಿದರೆ, "ನಮ್ಮಜ್ಜಿ ಮನೆ ವಾಸನೆ, ಸೆನ್‌ಪಾಯ್" ಎಂದನಂತೆ (ಹಿರಿಯರನ್ನು ಅಲ್ಲಿ ಕರೆಯುವುದೇ ಹಾಗೆ).

"ನೀನೇನಂದೆ?"

"ಕಂಪನಿ ನಿಯಮಕ್ಕೆ ವಿರುದ್ಧ ಅಂದೆ."

ಹಿಸಾಕೊ ಆ ದಿನ ಊಟ ಮಾಡಲಿಲ್ಲ. ಮಿಯಾಜಿ ಹೊರಡುವ ಮುನ್ನಾದಿನ ಕೊನೆಯ ಅಸ್ತ್ರ ತೆಗೆದಳು. ಮುಚ್ಚಳದ ಡಬ್ಬಿಯೊಂದನ್ನು ಭರಣಿಯ ಪಕ್ಕದಲ್ಲಿಟ್ಟು, "ಅರ್ಧ ತೌಡು ಇದಕ್ಕೆ ತುಂಬಿ ಅವನಿಗೆ ಕೊಡು. ದಿನಾ ಕೈ ಹಾಕಿದಾಗಲಾದರೂ ನಿನ್ನ ನೆನಪಾಗಲಿ" ಎಂದು ಹೇಳಿ, ಮೀನು ತರಲು ಹೋದಳು.

ಬಂದು ನೋಡಿದರೆ ಡಬ್ಬಿ ಖಾಲಿ ಕುಳಿತಿದೆ. ಭರಣಿ ಇಲ್ಲ.

ಸಂಜೆ ಚಿಗುಸಾ ಬರಿಗೈಯಲ್ಲಿ ಬಂದಳು. "ಅರ್ಧ ಮಾಡೋಕೆ ಆಗಲಿಲ್ಲಮ್ಮ. ನಾನು ಕೈ ಹಾಕಿದರೆ ಇವತ್ತು ಉಪ್ಪಾಗ್ತಿತ್ತು. ಭರಣೀನೇ ಕೊಟ್ಟುಬಿಟ್ಟೆ."

"ಕೊಟ್ಟು ಏನಂದೆ?"

"ದಿನಾ ಎರಡು ಸಲ ತಿರುವಿ, ತಪ್ಪಿದರೆ ನಾನೇ ತಪಾಸಣೆಗೆ ಬರ್ತೀನಿ ಅಂದೆ. ಅದಕ್ಕವನು, 'ಹಾಗಾದರೆ ತಿರುವೋದೇ ಇಲ್ಲ, ಬನ್ನಿ' ಅಂದ. ಎಂಥ ಬೇಜವಾಬ್ದಾರಿ ನೋಡು!"

ತಾಯಿ ಬಾಯಿ ತೆರೆಯುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಆ ಕಡೆ ಗಟ್ಟಿ ಮುದುಕಿಯ ದನಿ.

"ನಾನು ಮಿಯಾಜಿಯ ಅಜ್ಜಿ. ನಾನೂ ಇದೇ ಕೊಕುರಾದ ಹಳಬಳೇ, ಪದ್ಧತಿ ಗೊತ್ತು ಅನ್ನಿ. ಭರಣಿ ನಮ್ಮನೆಗೆ ಬಂದು ಸೇರಿತು, ಸಂತೋಷ. ಹುಡುಗಿ ಯಾವಾಗ ಬರ್ತಾಳೆ?"

ಹಿಸಾಕೊ ಫೋನನ್ನು ಎದೆಗೊತ್ತಿಕೊಂಡು ಮಗಳಿಗೆ ಪ್ರಶ್ನೆ ದಾಟಿಸಿದಳು. ಚಿಗುಸಾ ಖಾಲಿ ಡಬ್ಬಿಯ ಮುಚ್ಚಳ ಮುಚ್ಚಿದಳು. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂತು.

"ಈ ಭಾನುವಾರ ಬರ್ತೀನಿ ಅನ್ನು."

ಜೂನ್‌ನಲ್ಲಿ ಮದುವೆಯಾಯಿತು. ಹಿಸಾಕೊ ಒಂದು ಹಿಡಿ ತೌಡು ವಾಪಸ್ ಕೇಳೋಣವೆಂದುಕೊಂಡಳು. ತನ್ನ ಅಮ್ಮ ಕೇಳಿರಲಿಲ್ಲವೆಂಬುದು ನೆನಪಾಗಿ ಸುಮ್ಮನಾದಳು. ಅಕ್ಕಿ ಅಂಗಡಿಯಿಂದ ಹೊಸ ತೌಡು ತಂದು, ಆ ಖಾಲಿ ಡಬ್ಬಿಗೆ ತುಂಬಿ, ಎಪ್ಪತ್ತರ ವಯಸ್ಸಿನಲ್ಲಿ ಮೊದಲಿಂದ ಶುರುಮಾಡಿದಳು. ಟಿವಿಯ ಹಿರಿಯಳು ಕೊನೆಯ ವಾರದಲ್ಲೂ ಏನೂ ಹೇಳಲಿಲ್ಲವಂತೆ. ಹಿಸಾಕೊ ಆ ಕಂತು ನೋಡಲಿಲ್ಲ, ತೌಡು ತಿರುವುತ್ತಿದ್ದಳು. ಮೊದಲ ಸೌತೆಕಾಯಿ ತಿಂದ ತಮಾಎ ನೀರಿಗೆ ಓಡಿದಳು. "ಇದೇನ್ರೀ, ಉಪ್ಪಿನ ಗುಡ್ಡೆ! ಆ ಹುಡುಗ ತಿರುವಿದ್ದು ಎಷ್ಟು ಚೆನ್ನಾಗಿತ್ತು!"

ಆದರೂ ಆಗಸ್ಟಿನಲ್ಲಿ ಧೈರ್ಯಮಾಡಿ ಎರಡು ಕಾಯಿಗಳನ್ನು ಸೆಂಡಾಯ್‌ಗೆ ಕಳಿಸಿದಳು. ವಾರದೊಳಗೆ ಉತ್ತರ ಬಂತು. ಚಿಗುಸಾಳದೇ ನೆಟ್ಟಗಿನ ಅಕ್ಷರ:

"ಪರವಾಗಿಲ್ಲ. ಮುಂದಿನ ಸಲ ಇನ್ನೂ ಸರಿಯಾಗಿ ಮಾಡಿ."

ಕೆಳಗೆ, ಈಗ ಇಬ್ಬರದೂ ಆದ ಮಿಯಾಜಿ ಎಂಬ ಮನೆಹೆಸರಿನ ಕೆಂಪು ಮೊಹರು ಎರಡು ಸಲ. ಒಂದು ನೆಟ್ಟಗೆ, ಇನ್ನೊಂದು ಅದರ ಕಡೆಗೆ ವಾಲಿಕೊಂಡು.

ಹಿಸಾಕೊ ಅಂಗಿಯ ತೋಳು ಮಡಚಿ ಡಬ್ಬಿಗೆ ಕೈ ಹಾಕಿದಳು.