ಯಾರು ಎಂದು ಕೇಳದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನನ್ನು ಖುಷಿಪಡಿಸಬೇಕೇ? ಸೀರೆ, ಸಿಹಿ ಯಾವುದೂ ಬೇಡ. ಅವರೆದುರು ಏನಾದರೊಂದು ಒಡೆದುಹಾಕಿ, ಸಾಕು! ಬೇರೆ ಮನೆಗಳಲ್ಲಾದರೆ "ಯಾರೋ ಅದು?" ಎಂಬ ಗುಡುಗು ಕೇಳಿಸುತ್ತದೆ. ಚಿಕ್ಕಮ್ಮ ಮಾತ್ರ ಕನ್ನಡಕ ಏರಿಸಿ, ಬ್ಯಾಗಿನಿಂದ ನೋಟ್‌ಬುಕ್ಕೂ ಅಳತೆಯ ಟೇಪೂ ತೆಗೆದು, ಅದು ಎಲ್ಲಿತ್ತು, ಎಷ್ಟು ಎತ್ತರದಲ್ಲಿತ್ತು ಎಂದು ಶುರುಮಾಡುತ್ತಾರೆ.

ಅವರು ಮೈಸೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪ್ರೊಫೆಸರು. ತಿ. ನರಸೀಪುರದಿಂದ ದಿನಾ ಬಸ್ಸಿನಲ್ಲಿ ಓಡಾಟ. ಬಾಯ್ಲರು, ಗ್ಯಾಸು, ಆಸಿಡ್ಡು ಇರುವ ಅಪಾಯದ ಕಾರ್ಖಾನೆಗಳಲ್ಲಿ ಒಳ್ಳೆಯ ಕೆಲಸಗಾರರೂ ಯಾಕೆ ತಪ್ಪು ಮಾಡುತ್ತಾರೆ ಎಂಬುದರ ಮೇಲೆ ತೊಂಬತ್ತರ ದಶಕದಲ್ಲಿ ಮುನ್ನೂರು ಪುಟದ ಪ್ರಬಂಧ ಬರೆದು ಡಾಕ್ಟರೇಟ್ ಮಾಡಿದರು. ಸುದ್ದಿ ಕೇಳಿ ಅವರ ಅತ್ತೆ, ಅಂದರೆ ನಮ್ಮಜ್ಜಿ, "ತಪ್ಪು ಹುಡುಕೋಕೂ ಓದ್ಬೇಕಾ? ನಾನು ಓದ್ದೇನೇ ದಿನಾ ಹುಡುಕ್ತಿದೀನಲ್ಲ" ಅಂದರಂತೆ.

ನಂಜನಗೂಡಿನ ಛತ್ರದಲ್ಲಿ ನಡೆದ ನನ್ನ ಮದುವೆಯಲ್ಲಿ ಪಾಯಸಕ್ಕೆ ಉಪ್ಪು ಬಿತ್ತು. ಬೀಗರೆಲ್ಲ ಅಡುಗೆ ಭಟ್ಟರ ಮೇಲೆ ಮುಗಿಬಿದ್ದರು. ಅತ್ತ ಫೋಟೋದವನು ಮನೆಯವರೆಲ್ಲ ಬನ್ನಿ ಎಂದು ಕೂಗುತ್ತಿದ್ದಾನೆ, ಚಿಕ್ಕಮ್ಮ ಎಲ್ಲಿ? ಅಡುಗೆಮನೆಯಲ್ಲಿ, ಟೇಪು ಹಿಡಿದುಕೊಂಡು! ಉಪ್ಪಿನ ಡಬ್ಬ, ಸಕ್ಕರೆಯ ಡಬ್ಬ ಎರಡೂ ಒಂದೇ ಥರ, ನಡುವೆ ಒಂದು ಗೇಣೂ ಇಲ್ಲ, ಮೇಲೆ ಹೊಗೆ ಬೇರೆ ಎಂದು ಬೀಗರಿಗೆ ಪಾಠ ಮಾಡಿ, ಉಪ್ಪಿನ ಡಬ್ಬಕ್ಕೆ ಕೆಂಪು ದಾರ ಕಟ್ಟಿದರು. ಭಟ್ಟರು ಉಳಿದುಕೊಂಡರು. ಆದರೆ ನನ್ನ ಮದುವೆಯ ಒಂದು ಫೋಟೋದಲ್ಲೂ ಚಿಕ್ಕಮ್ಮ ಇಲ್ಲ.

ಆಗ ನಾನೂ ಎಲ್ಲರ ಜೊತೆ ನಕ್ಕಿದ್ದೆ. ನಾಲ್ಕು ವರ್ಷದ ನಂತರ ನನ್ನ ಸರದಿ ಬಂತು.

ನಾನು ನಂಜನಗೂಡಿನ ಬಳಿಯ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಆಪರೇಟರ್ ಆಗಿದ್ದೆ. ಅಲಾರಂ ಹೊಡೆದ ಗಡಿಬಿಡಿಯಲ್ಲಿ ಇದ್ದ ಎರಡು ವಾಲ್ವ್‌ಗಳಲ್ಲಿ ಎರಡನೆಯದನ್ನು ತಿರುಗಿಸುವ ಬದಲು ಒಂದನೆಯದನ್ನು ತಿರುಗಿಸಿಬಿಟ್ಟೆ. ಕುದಿಯುವ ನೀರು ನುಗ್ಗಿ, ಕೆಳಗೆ ಕೆಲಸದಲ್ಲಿದ್ದ, ಹೆಡತಲೆ ಎಂಬ ಊರಿನ ಗೆಳೆಯನ ಕಾಲು ಸುಟ್ಟಿತು. ನನಗೆ ಮೆಮೊ ಬಂತು, ಕೆಲಸದಿಂದ ತೆಗೆಯುವುದೊಂದೇ ಬಾಕಿ. ಊಟ ಸೇರಲಿಲ್ಲ. ಕಣ್ಣು ಮುಚ್ಚಿದರೆ ಅವನ ಕೂಗು.

ಚಿಕ್ಕಮ್ಮ ಬಂದರು. ಯಾಕೋ ಹೀಗೆ ಮಾಡಿದೆ ಎನ್ನಲಿಲ್ಲ. ಕಣ್ಣು ಮುಚ್ಚಿಸಿ, ಕೈ ಯಾವ ಕಡೆ ಹೋಯಿತು ತೋರಿಸು ಎಂದರು. ನಂತರ ನೇರ ಕಾರ್ಖಾನೆಗೆ. ನನ್ನ ಪುಣ್ಯ, ಮ್ಯಾನೇಜರ್ ಅವರ ಹಳೆಯ ವಿದ್ಯಾರ್ಥಿ! ನೀರು ನಿಲ್ಲಿಸಿ, ಅಲಾರಂ ಹೊಡೆಸಿ, ಎರಡನೆಯದನ್ನು ತಿರುಗಿಸಪ್ಪ, ಬೇಗ ಎಂದು ಅವರಿಗೇ ಹೇಳಿದರು. ಮ್ಯಾನೇಜರೂ ತಿರುಗಿಸಿದ್ದು ಒಂದನೆಯದನ್ನೇ. ನಂಬರಿನ ತಗಡು ಮಾಸಿಹೋಗಿತ್ತು. ಕಾರ್ಖಾನೆ ಕಟ್ಟಿದವರು ಎಣಿಸಿದ್ದು ಬಲದಿಂದ ಎಡಕ್ಕೆ. ಒಂದು, ಎರಡು ಎನ್ನುವಾಗ ನಮ್ಮೆಲ್ಲರ ಕೈ ಹೋಗುವುದು ಎಡದಿಂದ ಬಲಕ್ಕೆ.

"ಈಗ ನಿನಗೂ ಒಂದು ಮೆಮೊ ಕೊಡ್ಬೇಕಲ್ಲಪ್ಪಾ" ಅಂದರು ಚಿಕ್ಕಮ್ಮ.

ಕೆಲಸ ಉಳಿಯಿತು. ಗೇಟಿನ ಹೊರಗೆ ಕಾಲಿಗೆ ಬೀಳಲು ಹೋದರೆ, ಕಾಲು ಸುಟ್ಟುಕೊಂಡವನ ಮನೆಗೆ ಹೋಗಿದ್ದೆಯಾ ಎಂದು ಕೇಳಿದರು. ಯಾವ ಮುಖ ಹೊತ್ತು ಹೋಗಲಿ? ನನ್ನನ್ನು ಹೆಡತಲೆಯ ಬಸ್ಸು ಹತ್ತಿಸಿ, ತಾವೂ ಹತ್ತಿದರು.

ಅವನು ಜಗಲಿಯ ಮೇಲೆ ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಕೂತಿದ್ದ. ನಾನು ಅವನ ಪಕ್ಕದಲ್ಲಿ ಕೂತೆ. ಅವನ ಹೆಂಡತಿ ಸ್ಟೀಲ್ ಲೋಟದಲ್ಲಿ ಕಾಫಿ ತಂದುಕೊಟ್ಟರು. ಕೊಂಚ ಹೊತ್ತು ಹಿಡಿದುಕೊಂಡೆ, ಆಗಲಿಲ್ಲ. ಲೋಟ ಕೈಜಾರಿ, ಕಾಫಿ ಅವನ ಕಾಲಿನ ಪಕ್ಕದಲ್ಲೇ ಚೆಲ್ಲಿತು! ಇನ್ನೇನು ನೆಲ ಬಾಯಿಬಿಡಬಾರದೇ ಅನ್ನಿಸಿತು.

ಅವನು ಕಾಲನ್ನು ಮೆಲ್ಲಗೆ ಸರಿಸಿಕೊಂಡ. "ಬುಡಣ್ಣ. ಲೋಟ ಸುಡ್ತಿತ್ತು, ಕೈ ಬುಡ್ತು. ನಿಂದೇನ್ ತಪ್ಪು?"

ನಾನು ಗಳಗಳನೆ ಅತ್ತುಬಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಚಿಕ್ಕಮ್ಮನ ಕಡೆ ನೋಡಿದೆ. ಅಂದು ಅವರ ನೋಟ್‌ಬುಕ್ ಬ್ಯಾಗಿನಿಂದ ಹೊರಗೆ ಬರಲೇ ಇಲ್ಲ. ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇಷ್ಟು ಹೇಳೋಕೆ ನಂಗೆ ಮುನ್ನೂರು ಪುಟ ಬೇಕಾಯ್ತು ಕಣೋ" ಎಂದು, ಅವನ ಹೆಂಡತಿಯ ಕೈಯಿಂದ ಬಟ್ಟೆ ಇಸಿದುಕೊಂಡು, ಚೆಲ್ಲಿದ ಕಾಫಿಯನ್ನು ತಾವೇ ಒರೆಸತೊಡಗಿದರು.