ಮುನ್ನೂರು ಉಂಗುರ

ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ಹೆಂಡತಿಗೆ ಒಂದು ಉಂಗುರ ಮಾಡಿಸಿಕೊಡದ ಗಂಡ, ವಿಮಾನಕ್ಕೆ ಮುನ್ನೂರು ಉಂಗುರ ತೊಡಿಸಲು ಕೂತರೆ ಆ ಮನೆಯಲ್ಲಿ ಮಾತು ಬಾರದೆ ಇದ್ದೀತೇ? ನಮ್ಮ ಕನ್ನಡಕದವರ ಮನೆಯಲ್ಲಿ ಬಂತು. (ವಿಮಾನ ನಿಜವಾದದ್ದಲ್ಲ, ಉಂಗುರ ಚಿನ್ನದ್ದಲ್ಲ. ಮಾತು ಮಾತ್ರ ಅಪ್ಪಟ.)

ಕನ್ನಡಕದವರು ಎಂದರೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವರು. ಹಗಲೆಲ್ಲ ಊರವರ ಕಣ್ಣು ಕಾಪಾಡಿ, ಸಂಜೆ ಮನೆಗೆ ಬಂದು ಕಂಪ್ಯೂಟರಿನಲ್ಲಿ ತಮ್ಮ ಕಣ್ಣು ಹಾಳುಮಾಡಿಕೊಳ್ಳುತ್ತಿದ್ದರು. ಮಹಾಯುದ್ಧದ ಕಾಲದ ವಿಮಾನಗಳನ್ನು ಕೂತಲ್ಲೇ ಹಾರಿಸುವ ಆಟ ಅದು. ಹಾರಿಸುವುದು ಇವರಿಗೆ ಒಗ್ಗಲಿಲ್ಲ. ಮೇಲೆದ್ದ ಅರ್ಧ ನಿಮಿಷಕ್ಕೆ ವಿಮಾನದ ಮೂತಿ ಮತ್ತೆ ನೆಲಕ್ಕೇ ಬರುತ್ತಿತ್ತು. ಆದ್ದರಿಂದ ಆಟದ ವಿಮಾನಗಳಿಗೆ ಪರದೆಯ ಮೇಲೇ ಬಣ್ಣ ಬಳಿಯುವ ಘನಕಾರ್ಯಕ್ಕೆ ಕೈಹಾಕಿದರು. ಈ ಸಲ ಸಿಕ್ಕಿದ್ದು ಇಟಲಿಯ ಯುದ್ಧವಿಮಾನ. ಮೈಯೆಲ್ಲ ಮರಳಿನ ಬಣ್ಣ, ಅದರ ಮೇಲೆ ಹೊಗೆಯ ಸುರುಳಿಯಂಥ ಹಸಿರು ಉಂಗುರಗಳು. ಮೇಲಿನಿಂದ ನೋಡುವ ಶತ್ರುವಿಗೆ ಬರೀ ಮರಳು, ಕುರುಚಲು ಗಿಡ ಕಾಣಬೇಕು, ವಿಮಾನ ಕಾಣಬಾರದು.

ಬಣ್ಣ ಒಪ್ಪಿಗೆಯಾದರೆ ಆಟದೊಳಗೆ ಸೇರುತ್ತದೆ. ಆಮೇಲೆ ಎಲ್ಲೆಲ್ಲಿಯವರೋ ಇವರು ಬಳಿದ ವಿಮಾನವನ್ನು ಹಾರಿಸುತ್ತಾರೆ. ಕನ್ನಡಕದವರಿಗೆ ಬದುಕಿನಲ್ಲಿ ಸದ್ಯಕ್ಕೆ ಬೇಕಾಗಿದ್ದದ್ದು ಅದೊಂದೇ. ಒಪ್ಪಬೇಕಾದವರು ಆ ಆಟದ ಬಳಗದ ಪರೀಕ್ಷಕರೊಬ್ಬರು. ರೆಕ್ಕೆಯ ತಗಡು ಬಿಗಿದ ರಿವೆಟ್ಟುಗಳನ್ನೂ ಬಿಡದೆ ಎಣಿಸುವವರಾದ್ದರಿಂದ ಅವರಿಗೆ ರಿವೆಟ್ ತಾತ ಎಂದೇ ಹೆಸರು. ಇವರು ಮೂರು ಸಲ ಕಳಿಸಿದ್ದನ್ನು ತಾತ ಮೂರು ಸಲವೂ ವಾಪಸು ಮಾಡಿದ್ದರು. ಉಂಗುರಗಳಲ್ಲಿ ಜೀವವಿಲ್ಲವಂತೆ.

ಹೆಂಡತಿಗೆ ಬೇಕರಿಯಲ್ಲಿ ಕೆಲಸ. ಕೇಕಿನ ಮೇಲೆ ಕ್ರೀಮಿನಿಂದ ಹೂವು, ಹೆಸರು, ಅಂಚು ಬಿಡಿಸುತ್ತಾರೆ. ಒಂದು ಸಂಜೆ ಗಂಡನ ಹೆಗಲ ಮೇಲಿಂದ ಇಣುಕಿ, ಇವೆಲ್ಲ ಯಾಕೆ ಅವಳಿಜವಳಿ ಹುಟ್ಟಿದ ಹಾಗಿವೆ ಎಂದು ಕೇಳಿದರು. ಒಂದೇ ಉಂಗುರ ಬರೆದು ಅದನ್ನೇ ಮುನ್ನೂರು ಕಡೆ ಅಂಟಿಸಿದ್ದಾಗಿ ಗಂಡ ಹೆಮ್ಮೆಯಿಂದ ಒಪ್ಪಿಕೊಂಡರು.

"ಕೈಯಲ್ಲಿ ಹಾಕಿದ್ದು ಹೀಗಿರಲ್ಲ ರೀ. ಮೊದಲನೇ ಕೇಕೇ ಬೇರೆ, ನಲವತ್ತನೇದೇ ಬೇರೆ. ಕೈ ಸೋತಿದ್ದು ಕಾಣಬೇಕು."

ಯುದ್ಧವೆಲ್ಲಿ, ಕೇಕೆಲ್ಲಿ ಎಂದು ಗಂಡ ಮೂಗು ಮುರಿದರು. ಹಾಗಾದರೆ ತನ್ನ ಬೆರಳಿಗೆ ಒಂದು ಉಂಗುರ ಮಾಡಿಸಿ, ಅದಕ್ಕೆ ಯುದ್ಧವೇನೂ ಬೇಡ ಎಂದು ಹೆಂಡತಿ ಒಳಗೆ ಹೋದರು.

ಇನ್ನು ಗೋಡೆಯ ವಿಷಯ. ಹಾಲಿನ ದೊಡ್ಡ ಗೋಡೆಯ ನಡುವೆ, ನೀರಿನ ಪೈಪು ಸೋರಿ, ಕಂಬಳಿಯಷ್ಟಗಲ ತೇವದ ಕಲೆ ಎದ್ದಿತ್ತು. ಭಾನುವಾರ ಅತ್ತೆ ಬರುವುದರೊಳಗೆ ಅದಕ್ಕೆ ಬಣ್ಣ ಹೊಡೆಯುವುದಾಗಿ ಕನ್ನಡಕದವರು ಮಾತು ಕೊಟ್ಟಿದ್ದರು. ಅತ್ತೆ ಫೋನಿನಲ್ಲಿ ವಿಚಾರಿಸಿದಾಗಲೆಲ್ಲ, "ಬಣ್ಣ ನಡೀತಾ ಇದೆ ಅತ್ತೆ, ಎರಡನೇ ಕೋಟಲ್ಲಿದೆ," ಎನ್ನುತ್ತಿದ್ದರು. ಅದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಯಾವುದಕ್ಕೆ ಬಣ್ಣ ಎಂದು ಅತ್ತೆ ಕೇಳಲಿಲ್ಲ, ಇವರು ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಹೆಂಡತಿ ಚಪ್ಪಲಿ ಮೆಟ್ಟುತ್ತಾ, ಅಳಿಯಂದಿರು ಮೂರು ವಾರ ದುಡಿದ ಗೋಡೆಯನ್ನು ನೋಡಲೆಂದೇ ಅಮ್ಮ ಬರುತ್ತಿದ್ದಾರಂತೆ ಎಂದು ತಣ್ಣಗೆ ಹೇಳಿ ಬೇಕರಿಗೆ ಹೊರಟರು. ಕನ್ನಡಕದವರು ಅಂಗಡಿಗೆ ರಜೆ ಹಾಕಿದರು. ಬಣ್ಣ ತರಲು ಓಡಿದರು. ಬಣ್ಣದಂಗಡಿಯವರು ಯಾವ ಬಣ್ಣ ಎಂದು ಕೇಳಿದಾಗ ಬಾಯಿಗೆ ಬಂದದ್ದು ಮರಳಿನ ಬಣ್ಣವೇ. ಬಂದು ಎರಡು ಕೋಟು ಬಳಿದರು. ಮಧ್ಯಾಹ್ನದ ಹೊತ್ತಿಗೆ ಕಲೆ ಬಣ್ಣದೊಳಗಿಂದ ಮತ್ತೆ ಹಲ್ಲು ಕಿರಿಯಿತು.

ಆಗ ಅವರಿಗೆ ಜ್ಞಾನೋದಯವಾಯಿತು. ಹೋಗದ ಕಲೆಯನ್ನು ಮರೆಮಾಚಬಹುದಲ್ಲ! ಇಡೀ ಇಟಲಿಯ ವಾಯುಪಡೆಯನ್ನೇ ಮರೆಮಾಚಿದ ವಿದ್ಯೆಗೆ ಒಂದು ಕಲೆ ಯಾವ ಲೆಕ್ಕ? ಕಿಟಕಿಯ ಸರಳಿಗೆ ಬಳಿದು ಮಿಕ್ಕಿದ್ದ ಹಸಿರು ಡಬ್ಬ ತೆಗೆದು, ಸ್ಪಂಜು ಅದ್ದಿ, ಗೋಡೆಯ ಬಲ ತುದಿಯಿಂದ ಉಂಗುರ ಒತ್ತುತ್ತಾ ಬಂದರು. ಮೊದಲ ನಾಲ್ಕು ದುಂಡಗೆ ಬಂದವು. ಆಮೇಲಿನವು ಕುಂಬಳಕಾಯಿಯಾದವು, ಅದರ ಮುಂದಿನವು ಕಿವಿಯಾದವು. ಅರ್ಧ ಗೋಡೆಯ ತುಂಬ ಕಿವಿಗಳು ನೆಟ್ಟಗೆ ನಿಂತು ಕೇಳಿಸಿಕೊಳ್ಳುತ್ತಿರುವಾಗ ಹೆಂಡತಿ ಬಂದರು.

ಮಂಗಳಾರತಿಗೆ ಸಿದ್ಧರಾಗಿ ಕನ್ನಡಕದವರು ಸ್ಟೂಲಿನ ಮೇಲೆ ತಲೆತಗ್ಗಿಸಿದರು. ಆದರೆ ದಿನವೆಲ್ಲ ಕ್ರೀಮಿನ ಹೂವು, ಅಂಚು ಬಿಡಿಸುವ ಹೆಂಡತಿಯ ಕೈಗೆ ಆ ಕಿವಿಗಳನ್ನು ನೋಡಿ ತಡೆಯಲಾಗಲಿಲ್ಲ.

"ಸ್ಪಂಜು ಇಲ್ಲಿ ಕೊಡಿ. ಒತ್ತಬಾರದು, ಮಣಿಕಟ್ಟು ತಿರುಗಿಸಿ ಎತ್ತಿಬಿಡಬೇಕು."

ಎಡ ತುದಿಯಿಂದ ಹಿಡಿದರು. ಉಂಗುರ ಉಂಗುರಕ್ಕೂ ಬೇರೆ, ಆದರೂ ಒಂದೇ ಕೈಯದ್ದು ಎಂದು ಗೊತ್ತಾಗುವಂತೆ ಬಂದವು. ಗಂಡ ಡಬ್ಬ ಹಿಡಿದು ಜೊತೆಗೇ ಸರಿದರು. ಕಲೆಯ ಮೇಲೆ ನಲವತ್ತು ಉಂಗುರ ಬಿದ್ದದ್ದೇ ಅದು ಎಲ್ಲಿತ್ತೆಂದು ಹುಡುಕಬೇಕಾಯಿತು. ಮದುವೆಯಾದ ಹೊಸದರಲ್ಲಿ ಇಬ್ಬರೂ ಕೂಡಿ ಕಪಾಟು ಜೋಡಿಸಿದ ಮೇಲೆ ಇಷ್ಟು ಖುಷಿಯ ಸಂಜೆ ಬಂದಿರಲಿಲ್ಲ ಎಂದು ಕನ್ನಡಕದವರಿಗೆ ಅನಿಸಿತು. ಆ ಖುಷಿಯಲ್ಲೇ ಗೋಡೆಯ ಫೋಟೊ ತೆಗೆದು, ಎಡ ಅರ್ಧವನ್ನು ಎಡ ರೆಕ್ಕೆಗೆ, ಬಲ ಅರ್ಧವನ್ನು ಬಲ ರೆಕ್ಕೆಗೆ ಹೊದಿಸಿ ರಿವೆಟ್ ತಾತನಿಗೆ ಕಳಿಸಿಬಿಟ್ಟರು.

ಭಾನುವಾರ ಅತ್ತೆ ಬಂದು ಗೋಡೆಯ ಮುಂದೆ ನಿಂತರು. ಕಲೆ ಹುಡುಕಿದರು, ಸಿಗಲಿಲ್ಲ. ಎಡಗಡೆಯನ್ನು ಕೈಯಿಂದ ಸವರಿ, ಅಳಿಯಂದಿರ ಮೂರು ವಾರದ ಶ್ರಮ ಇಲ್ಲಿ ಕಾಣುತ್ತದೆ ಎಂದರು. ಬಲಗಡೆ ಯಾರೋ ಕೂಲಿಯವನ ಕೈಗೆ ಕೊಟ್ಟು ಕೆಡಿಸಿದಿರಲ್ಲ ಎಂದು ಪೇಚಾಡಿದರು. ಕನ್ನಡಕದವರು ಕನ್ನಡಕ ತೆಗೆದು ಒರೆಸಿಕೊಂಡರು. ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದರು.

ಅಷ್ಟರಲ್ಲಿ ತಾತನ ಉತ್ತರ ಬಂತು. ಒಪ್ಪಿಗೆ ಎಂಬ ಪದ ಕಂಡದ್ದೇ ಹಾಲು ಕುಡಿದಷ್ಟು ಸಂತೋಷವಾಗಿ, ಕನ್ನಡಕದವರು ಎಲ್ಲರಿಗೂ ಕೇಳುವಂತೆ ಓದತೊಡಗಿದರು.

"ಎಡ ರೆಕ್ಕೆ ಒಪ್ಪಿಗೆ. ಬಳಿದವರು ಕೆಲಸ ಬಲ್ಲವರು. ಕೈ ಸೋತದ್ದೂ ಕಾಣುತ್ತದೆ. ಬಲ ರೆಕ್ಕೆ ಬೇರೆ ಯಾರದೋ. ಅದನ್ನೂ ಎಡಗಡೆಯವರಿಂದಲೇ ಮಾಡಿಸಿ. ಆ ಇನ್ನೊಬ್ಬರನ್ನು ದಯವಿಟ್ಟು..."

ಇಲ್ಲಿಗೆ ಅವರ ದನಿ ನಿಂತಿತು. ಅತ್ತೆ ಗೋಡೆ ನೋಡಿದರು, ಮಗಳ ಉಗುರಿನ ಸಂದಿಯ ಹಸಿರು ನೋಡಿದರು, ಕಂಪ್ಯೂಟರಿನ ವಿಮಾನ ನೋಡಿದರು. ಅಳಿಯನ ಬಣ್ಣ ಬಯಲಾಗಲು ಇನ್ನೇನು ಬೇಕು?

"ಅಲ್ಲ ಅಳಿಯಂದಿರೇ, ಹಾಗಾದ್ರೆ ಮೂರು ವಾರ ನೀವು ಬಣ್ಣ ಹೊಡೀತಿದ್ದಿದ್ದು ಯಾವುದಕ್ಕೆ?"

ಕನ್ನಡಕದವರು ಹಸಿರು ಡಬ್ಬ ತಂದು ಹೆಂಡತಿಯ ಪಕ್ಕ ನಿಂತರು. ಬಲಗಡೆಯ ಕಿವಿಗಳನ್ನೆಲ್ಲ ಮರಳಿನ ಬಣ್ಣ ಬಳಿದು ಮುಚ್ಚಿ, ಸಂಜೆಯೊಳಗೆ ಹೆಂಡತಿ ಅಲ್ಲೂ ಉಂಗುರ ಇಟ್ಟರು. ಹೊಸ ಫೋಟೊ ಹೋಯಿತು, ಪೂರ್ತಿ ಒಪ್ಪಿಗೆ ಬಂತು. ಬಣ್ಣ ಬಳಿದವರ ಹೆಸರು ಬೇಕೆಂದು ತಾತ ಕೇಳಿದ್ದರು. ಕನ್ನಡಕದವರ ಬೆರಳು ಕೀಲಿಗಳ ಮೇಲೆ ಸುಮ್ಮನೆ ನಿಂತಿತು.

"ಒಂದು ಉಂಗುರ ಕೇಳಿದ್ದೆ," ಎಂದರು ಹೆಂಡತಿ, ಹಿಂದಿನಿಂದ ಬಂದು. "ನೀವು ಕೊಡಲಿಲ್ಲ. ನಾನು ಮುನ್ನೂರು ಕೊಟ್ಟೆ. ಬರೀರಿ ನನ್ನ ಹೆಸರು."

ಕನ್ನಡಕದವರು ಬರೆದರು. ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, ತಮ್ಮ ಹೆಸರನ್ನೂ ಸೇರಿಸಿ ಪಕ್ಕದಲ್ಲಿ ಹುದ್ದೆ ನಮೂದಿಸಿದರು: ಡಬ್ಬ ಹಿಡಿದವರು.