ಉಡಿ ತುಂಬಿ ಕಳಿಸಿದರೂ ತಿರುಗಿ ಬಂದ ಸಿಂಥಸೈಜರಿಗೆ

ಶ್ರೀಮದ್ ಅನಲಾಗ್ ಸಿಂಥಸೈಜರ್ ಮಹಾಶಯರಿಗೆ,
ಪಾರವ್ವನವರ ಮಂಚದ ಕಾಲ್ದೆಸೆ, ಎರಡನೇ ಮಹಡಿ, ಕೋಥರೂಡ, ಪುಣೆ.

ಮಾನ್ಯರೇ,

ತಮ್ಮ ಕರಿಬಿಳಿ ಕೀಗಳಿಗೂ, ಅವುಗಳ ಮೇಲೆ ಸಾಲುಗಟ್ಟಿ ನಿಂತ ನಾಬುಗಳಿಗೂ, ಬೆನ್ನಹಿಂದೆ ಯಾರ ಕಣ್ಣಿಗೂ ಬೀಳದೆ ಸೇವೆ ಸಲ್ಲಿಸುತ್ತಿರುವ ವೈರುಗಳಿಗೂ ಈ ಬಡ ಅಕೌಂಟೆಂಟನ ಶರಣು ಶರಣಾರ್ಥಿಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮಗಾಗಿ ಈ ಮನೆಯಲ್ಲಿ ನಡೆಯುತ್ತಿರುವ ಉಪಚಾರ ನೋಡಿದರೆ ಕ್ಷೇಮವಾಗಿರದೆ ತಮಗೆ ಬೇರೆ ದಾರಿಯೂ ಇಲ್ಲ. ಇದನ್ನು ಖಾಸಗಿಯಾಗಿ ತಮ್ಮೆದುರು ನಿಂತೇ ಅರಿಕೆ ಮಾಡಿಕೊಳ್ಳಬಹುದಿತ್ತು, ಆದರೆ ತಾವು ಹಾಡುವ ಹೊತ್ತಿನಲ್ಲಿ ಆ ಕೋಣೆಯೊಳಗೆ ನನಗೆ ಮಾತಾಡಲು ಅಪ್ಪಣೆ ಇಲ್ಲವಾದ್ದರಿಂದ ಬಹಿರಂಗವಾಗಿ ಬರೆಯಬೇಕಾಗಿ ಬಂದಿದೆ.

ಆ ಕೋಣೆ ಒಂದು ಕಾಲಕ್ಕೆ ನನ್ನ ಸ್ಟುಡಿಯೋ ಆಗಿತ್ತು ಎಂಬುದನ್ನು ತಾವು ಮರೆತಿರಲಾರಿರಿ. ಹಗಲೆಲ್ಲ ತಳೇಗಾಂವದ ಕಾರ್ಖಾನೆಯಲ್ಲಿ ಲೆಕ್ಕ ಬರೆದು ಬಂದವನು ಸಂಜೆ ಅಲ್ಲಿ ಬಾಗಿಲು ಹಾಕಿಕೊಂಡು ಸಂಗೀತಗಾರನಾಗುತ್ತಿದ್ದೆ, ಅಥವಾ ಇನ್ನೇನು ಆಗಲಿದ್ದೆ. ಡೋಲು ಬಡಿಯುವುದೊಂದು, ಗಾಳಿ ಬೀಸುವುದೊಂದು, ಏನು ಮಾಡುತ್ತದೆಂದು ಮಾರಿದವನಿಗೂ ಗೊತ್ತಿರದಿದ್ದ ಮತ್ತೊಂದು, ಹೀಗೆ ವರ್ಷಕ್ಕೊಂದರಂತೆ ತಾವೂ ಸೇರಿ ಏಳು ಯಂತ್ರಗಳು ಬಂದು ಕೂತವು. ಪ್ರತಿಯೊಂದೂ ಬರುವಾಗ, ಇದೊಂದು ಬಂದರೆ ಹಾಡು ತಯಾರಾದಂತೆಯೇ ಎಂದು ಮನೆಯವರಿಗೆ ಭರವಸೆ ಕೊಟ್ಟಿದ್ದೆ. ಒಂದೇ ಒಂದು ಹಾಡಾದರೂ ಪೂರ್ತಿಯಾಯಿತೇ ಎಂದರೆ ಇಲ್ಲ, ಮತ್ತು ಇದರ ಹೊಣೆಯನ್ನು ತಮ್ಮ ಮೇಲೆ ಹೊರಿಸಲು ನನಗೆ ಯಾವ ಸಂಕೋಚವೂ ಇಲ್ಲ. ಸ್ವಿಚ್ ಹಾಕಿದ ಮೇಲೆ ಮೈ ಕಾಯಲು ತಾವು ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದಿರಿ, ಅಲ್ಲಿಯತನಕ ಶ್ರುತಿ ಒಂದು ಕಡೆ ನಿಲ್ಲುತ್ತಿರಲಿಲ್ಲ, ನಿಂತಿತು ಅನ್ನುವಷ್ಟರಲ್ಲಿ ನನ್ನ ಹೆಂಡತಿ ಶೈಲಶ್ರೀ ಊಟಕ್ಕೆ ಕರೆಯುತ್ತಿದ್ದಳು. ಹೀಗಿರುವಾಗ ಲೋಕ ಒಬ್ಬ ಸಂಗೀತಗಾರನನ್ನು ಕಳೆದುಕೊಂಡದ್ದರಲ್ಲಿ ಆಶ್ಚರ್ಯವೇನು?

ತಮ್ಮೆಲ್ಲರನ್ನೂ ಒಳಗೆ ತರಲು ನಾನು ಹೂಡಿದ ಉಪಾಯವನ್ನೂ ಇಲ್ಲಿ ನಿವೇದಿಸಬೇಕು. ಪ್ರತಿ ಯಂತ್ರವೂ ಖಂಡೇನವಮಿಯ ಹಿಂದಿನ ದಿನವೇ ಮನೆ ಮುಟ್ಟುವಂತೆ ನೋಡಿಕೊಳ್ಳುತ್ತಿದ್ದೆ. ಮರುದಿನ ಮಿಕ್ಸರ್, ಸ್ಕೂಟರ್, ಈಳಿಗೆಯ ಜೊತೆ ಅದನ್ನೂ ಪೂಜೆಗೆ ಕೂಡಿಸಿದರೆ ನಮ್ಮವ್ವ ಪಾರವ್ವ ವಿಭೂತಿ ಹಚ್ಚಿ ಚೆಂಡುಹೂ ಏರಿಸುತ್ತಿದ್ದಳು. ಪೂಜೆ ಮಾಡಿಸಿಕೊಂಡ ವಸ್ತುವನ್ನು ಅಂಗಡಿಗೆ ವಾಪಸ್ ಕೊಡಿ ಎನ್ನುವ ಧೈರ್ಯ ನಮ್ಮ ಕಡೆಯ ಯಾವ ಸೊಸೆಗಿದೆ? ಶೈಲಶ್ರೀ ಆರತಿ ತಟ್ಟೆ ಹಿಡಿದು ನನ್ನನ್ನೇ ದಿಟ್ಟಿಸುತ್ತಿದ್ದಳು, ನಾನು ಭಕ್ತಿಯಿಂದ ಕಣ್ಣು ಮುಚ್ಚಿರುತ್ತಿದ್ದೆ.

ಮಾಡಿದ್ದುಣ್ಣೋ ಮಹಾರಾಯ ಎಂಬಂತೆ ಅದರ ಫಲ ಈ ವರ್ಷ ಬಂತು. ಹಾಲ್‌ನ ದಿವಾನಿನ ಮೇಲೆ ಮಲಗುತ್ತಿದ್ದ ಅವ್ವನಿಗೆ ಮೊಣಕಾಲಿನ ಆಪರೇಶನ್ ನಿಗದಿಯಾಯಿತು. ಆಮೇಲೆ ಅವಳಿಗೆ ಎತ್ತರದ ಮಂಚ ಬೇಕು, ವಾಕರ್ ತಿರುಗಿಸಲು ಜಾಗ ಬೇಕು, ಅಂದರೆ ಸ್ಟುಡಿಯೋ ಖಾಲಿಯಾಗಬೇಕು. ಒಂದನ್ನಾದರೂ ಉಳಿಸಿಕೊಳ್ಳುತ್ತೇನೆ ಎಂದು ನಾನು ಅಂಗಲಾಚಿದಾಗ ಶೈಲಶ್ರೀ ಶಾಂತವಾಗಿ ಕೇಳಿದಳು: "ಈ ಮನ್ಯಾಗ ಇರೋರು ಎಲ್ಲಾರೂ ಒಂದಿಲ್ಲೊಂದು ಕೆಲಸಾ ಮಾಡ್ತಾರ. ನಿಮ್ಮದು ಏನ್ ಮಾಡ್ತದ ಹೇಳ್ರಿ, ಇಟಗೋಳ್ರಿ."

ಏಳರಲ್ಲಿ ಅಂಗೈಯಗಲದ ಒಂದು ಚಿಕ್ಕ ಯಂತ್ರಕ್ಕೆ ಅವ್ವನ ಗುಳಿಗೆಯ ಹೊತ್ತಿಗೆ ಕುಯ್ ಅನ್ನುವುದನ್ನು ಕಲಿಸಿ, ಇದು ಔಷಧೋಪಚಾರ ಮಾಡುತ್ತದೆ ಎಂದು ಸಾಧಿಸಿದೆ. ಅದು ಉಳಿಯಿತು, ಉಳಿದವುಗಳ ಫೋಟೋ ಮಾರಾಟಕ್ಕೆ ಏರಿತು. ಕೊಳ್ಳುವವರು ಬರತೊಡಗಿದಾಗ ಬಾಗಿಲಿಗೆ ಅಡ್ಡ ಬಂದವಳು ಅವ್ವ. "ಪೂಜಿ ಮಾಡಿಸ್ಕೊಂಡ ಮನ್ಯಾಗ ಬೆಳದಾವ. ಬರಿಗೈಲೆ ಕಳಸಬಾರದು. ಉಡಿ ತುಂಬಿ ಕಳಸ್ರಿ," ಎಂದು ಕುರ್ಚಿಯಲ್ಲೇ ಕೂತು ಅಪ್ಪಣೆ ಮಾಡಿದಳು. ಹಾಡುವಂಥವು ಹೆಣ್ಣುಮಕ್ಕಳೇ ಇರಬೇಕೆಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ, ಮಹಾಶಯರೇ ಎಂದು ಕರೆಯುತ್ತಿರುವ ನನ್ನನ್ನು ತಾವು ಕ್ಷಮಿಸಬೇಕು.

ತಮಗಿಂತ ಚಿಕ್ಕವರೆಲ್ಲ ಡಬ್ಬಿಯೊಳಗಿದ್ದರು, ಅವರ ಉಡಿ ಡಬ್ಬಿಯ ಮೇಲೆಯೇ ಮುಗಿಯಿತು. ಗಾತ್ರಕ್ಕೆ ತಕ್ಕ ಡಬ್ಬಿ ಇಲ್ಲದ ತಾವೊಬ್ಬರೇ ಮೈತೆರೆದು ಕೂತಿದ್ದಿರಿ. ತಮ್ಮನ್ನು ಒಯ್ಯಲು ಯೆರವಡಾದಿಂದ ಬಂದಿದ್ದ ರಿತೇಶ್ ಎಂಬ ಮರಾಠಿ ತರುಣ, ಶೂ ಬಿಚ್ಚಿ ಕೈಮುಗಿದು ನಿಂತು, ಇದು ಎಲೆಕ್ಟ್ರಾನಿಕ್ ಸಾಮಾನಿಗೆ ಕರ್ನಾಟಕದವರು ಮಾಡುವ ಯಾವುದೋ ಟೆಸ್ಟಿಂಗ್ ಇರಬೇಕು ಎಂಬಂತೆ ನೋಡುತ್ತಿದ್ದ. ಅವ್ವ ಹೇಳಿದಂತೆ ಶೈಲಶ್ರೀ ತಮ್ಮ ಕೀಗಳ ಮೇಲೆ ಗುಳೇದಗುಡ್ಡದ ಖಣ ಹಾಸಿ, ಕೊಬ್ಬರಿಬಟ್ಟಲು, ಅರಿಷಿಣ ಬೇರು, ಉತ್ತತ್ತಿ ಇಟ್ಟು, ಬೊಗಸೆ ತುಂಬ ಅಕ್ಕಿ ಸುರಿದಳು. ಖಣ ಜಾರಿತು. ಜಾರಿದ ಅಕ್ಕಿಯನ್ನು ನಾವೆಲ್ಲ ಬಳಿದು ಎತ್ತಿದೆವು, ಒಳಗಿಳಿದದ್ದನ್ನು ಯಾರು ನೋಡಿದರು?

ಇನ್ನು ನನ್ನ ನಿಜವಾದ ದೂರಿಗೆ ಬರುತ್ತೇನೆ, ಅದಕ್ಕೆ ಮುಂಚೆ ನಗು ಬಿಟ್ಟು ಒಂದು ಮಾತು ಹೇಳಬೇಕು. ಆಪರೇಶನ್ ಚೆನ್ನಾಗಿಯೇ ಆಯಿತು, ಆದರೆ ಮನೆಗೆ ಬಂದ ಅವ್ವ ಗೋಡೆ ಕಡೆ ಮುಖ ಮಾಡಿ ಮಲಗಿದವಳು ಏಳಲಿಲ್ಲ. ಹೆಜ್ಜೆ ಇಡದಿದ್ದರೆ ಕಾಲು ಮಡಚುವುದೇ ನಿಂತುಹೋಗುತ್ತದೆ ಎಂದು ಡಾಕ್ಟರು ಬೈದರು, ಬೇಡಿಕೊಂಡರು. ಸೋಮವಾರ ತಪ್ಪದೆ ಹೆಂಗಸರು ಕೂಡಿ ವಚನ ಹಾಡುವ ಅಕ್ಕನ ಬಳಗಕ್ಕೆ ಹೋಗಿ ಎಲ್ಲರಿಗಿಂತ ಮೊದಲು ದನಿ ಎತ್ತುತ್ತಿದ್ದವಳು ಹಾಡುವುದನ್ನೂ ಬಿಟ್ಟಳು. ಒಂದು ವಚನ ಅನ್ನು ಎಂದರೆ, ಯಾರೂ ಜೊತೆಗಿಲ್ಲದೆ ಶ್ರುತಿ ಸಿಗುವುದಿಲ್ಲ ಎನ್ನುತ್ತಿದ್ದಳು. ಆ ಚಿಕ್ಕ ಯಂತ್ರ ಹೊತ್ತುಹೊತ್ತಿಗೆ ಕುಯ್ ಎಂದರೆ ಚಾದರ ಮುಸುಕು ಹಾಕಿಕೊಳ್ಳುತ್ತಿದ್ದಳು. ಅವ್ವ ಇನ್ನು ಹೀಗೇ ಇದ್ದುಬಿಡುತ್ತಾಳೆ ಎಂದು ನನಗೆ ಭಾರಿ ಹೆದರಿಕೆಯಾಗಿತ್ತು.

ಇಂಥ ಹೊತ್ತಿನಲ್ಲಿ ತಾವು ರಿಕ್ಷಾ ಏರಿ ಗಂಡನ ಮನೆಯಿಂದ ತಿರುಗಿ ಬಂದಿರಿ. ಜೊತೆಗಿದ್ದ ರಿತೇಶ್, ಎಡಗಡೆಯ ಒಂದು ಕೀ ಒತ್ತಿದರೆ ಮೇಲೆ ಬರುವುದೇ ಇಲ್ಲ, ಸ್ವರ ನಿಲ್ಲುವುದೇ ಇಲ್ಲ, ಅಲುಗಿಸಿದರೆ ಅಕ್ಕಿ ಬೀಳುತ್ತದೆ ಎಂದು ಬಹಳ ಮರ್ಯಾದೆಯಿಂದ ತಿಳಿಸಿದ. ತಮ್ಮನ್ನು ಇಳಿಸಲು ಜಾಗವಿದ್ದದ್ದು, ಪ್ಲಗ್ ಇದ್ದದ್ದು ಅವ್ವನ ಕಾಲ್ದೆಸೆಯಲ್ಲೇ. ಸ್ವಿಚ್ ಹಾಕಿ ನಾವಿಬ್ಬರೂ ಆ ಕೀಯನ್ನು ಕುಟ್ಟಿದೆವು, ಚಾಕುವಿನಿಂದ ಮೀಟಿದೆವು, ತಾವು ಹಟ ಹಿಡಿದು ಒಂದೇ ಸ್ವರದಲ್ಲಿ ನಿಂತಿರಿ. ಆಗ ಗೋಡೆ ಕಡೆಯಿಂದ ಸಣ್ಣ ದನಿ ಬಂತು. ಅವ್ವ ತಮ್ಮ ಸ್ವರ ಹಿಡಿದು ಹಾಡುತ್ತಿದ್ದಳು, ರಿತೇಶ್ ಚಾಕು ಹಿಡಿದ ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

ಹಾಡು ಮುಗಿದ ಮೇಲೆ ಅವ್ವ ಹೇಳಿದ್ದು ಇಷ್ಟೇ: "ತೌರಿಗೆ ಬಂದದ ಅದು. ಇರಲಿ. ರಿಪೇರಿ ಗಿಪೇರಿ ಏನೂ ಮಾಡಿಸಬ್ಯಾಡ."

ತಮ್ಮ ಬದಲಿಗೆ ರಿತೇಶನಿಗೆ ಏನಾದರೂ ಕೊಡಲೇಬೇಕಿತ್ತು. ಮನೆಯಲ್ಲಿ ಉಳಿದಿದ್ದುದು ನಾನು ಜೀವದಂತೆ ಕಾಪಾಡಿಕೊಂಡಿದ್ದ ಆ ಚಿಕ್ಕ ಯಂತ್ರ ಒಂದೇ. ಅವನು ಅದನ್ನು ಜೇಬಿನಲ್ಲಿಟ್ಟುಕೊಂಡು, ಈ ಸಲ ಉಡಿ ಬೇಡ ಎಂದು ವಿನಂತಿಸಿ, ಹೊರಟುಹೋದ. ಇದೇ ನನ್ನ ದೂರು. ಮಾರಿದ ತಾವು ಬಂದು ಉಳಿದಿರಿ, ಉಳಿಸಿಕೊಂಡದ್ದು ಹೊರಟುಹೋಯಿತು. ಯಾವ ಯಾವುದೋ ಲೋಕದ ಸದ್ದುಗಳನ್ನೆಲ್ಲ ಹೊರಡಿಸಬಲ್ಲ ತಾವು ನನ್ನ ಕೈಯಲ್ಲಿದ್ದಷ್ಟು ಕಾಲ ಒಂದು ಹಾಡನ್ನೂ ಪೂರೈಸದೆ, ನಮ್ಮವ್ವನ ಎದುರು ಒಂದೇ ಕೀಯಲ್ಲಿ ದಿನಕ್ಕೆ ನಾಕು ಹಾಡು ಮುಗಿಸುತ್ತಿದ್ದೀರಿ. ಶೈಲಶ್ರೀಯ ಪರೀಕ್ಷೆಯಲ್ಲೂ ತಾವು ಪಾಸಾಗಿದ್ದೀರಿ, ಇನ್ನೂ ಫಲಿತಾಂಶ ತಿಳಿಯದವನು ನಾನೊಬ್ಬನೇ.

ಆದ್ದರಿಂದ ತಮ್ಮಲ್ಲಿ ಕೆಲವು ಪ್ರಾರ್ಥನೆಗಳಿವೆ. ತಮ್ಮೊಳಗಿನ ಆ ಅಕ್ಕಿಕಾಳನ್ನು ಇರುವೆ, ಜಿರಳೆ, ಪುಣೆಯ ಮಳೆಗಾಲದ ತಂಪು ಇವೆಲ್ಲವುಗಳಿಂದ ಜೋಪಾನ ಮಾಡತಕ್ಕದ್ದು. ಕರೆಂಟು ಹೋದರೂ ಸ್ವರ ಬಿಡದಂತೆ ಏನಾದರೂ ವ್ಯವಸ್ಥೆ ಮಾಡಿಕೊಳ್ಳತಕ್ಕದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಮೈ ಕಾಯಲು ಇನ್ನು ಮುಂದೆಯೂ ಅರ್ಧ ಗಂಟೆಗಿಂತ ಕಡಿಮೆ ತೆಗೆದುಕೊಳ್ಳಕೂಡದು. ಏಕೆಂದರೆ ತಮ್ಮ ಸ್ವಿಚ್ಚು ಹಿಂಬದಿಗಿದೆ, ಅದನ್ನು ಹಾಕಲು ಬೇರೆ ಯಾರನ್ನೂ ಅವ್ವ ಬಿಡುವುದಿಲ್ಲ. ವಾಕರ್ ಹಿಡಿದು ಎದ್ದು, ಸುತ್ತು ಬಳಸಿ ಬಂದು ತಾನೇ ಹಾಕುತ್ತಾಳೆ. ಆಮೇಲೆ ಮಲಗಿದರೆ ಮತ್ತೆ ಏಳುವುದು ತ್ರಾಸು ಎಂದು ತಮ್ಮ ಮೈ ಕಾಯುವತನಕ ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತಾಳೆ. ಡಾಕ್ಟರು ಬೇಡಿಕೊಂಡರೂ ಇಡದ ಹೆಜ್ಜೆಗಳನ್ನು ಅವಳು ತಮಗಾಗಿ ಇಡುತ್ತಿದ್ದಾಳೆ.

ಸಂಜೆ ನಾನು ಬಂದ ಮೇಲೆ ತಮ್ಮ ಒಂದು ನಾಬನ್ನು ಮುಟ್ಟಲು ನನಗೆ ಪರವಾನಗಿ ಇದೆ. ಅದನ್ನು ತಿರುವಿ ತಮ್ಮ ನಾದವನ್ನು ನಿಧಾನ ತೆರೆಯುತ್ತೇನೆ, ಅವ್ವ ಸಾಕು ಎಂದು ಕೈ ಎತ್ತಿದಲ್ಲಿಗೆ ನಿಲ್ಲಿಸುತ್ತೇನೆ. ಏಳು ಯಂತ್ರಗಳ ನಡುವೆ ಕೂತಿದ್ದಾಗ ಇಷ್ಟು ಸುಖ ಇರಲಿಲ್ಲವೆಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ. ಇದನ್ನು ಶೈಲಶ್ರೀಗೆ ತಿಳಿಸಬಾರದಾಗಿ ವಿನಂತಿ.

ಒಂದು ಕಾಲಕ್ಕೆ ತಮ್ಮ ಮಾಲೀಕನಾಗಿದ್ದ, ಈಗ ಒಂದೇ ನಾಬಿನ ಮಟ್ಟಿಗೆ ನೌಕರನಾದ
ತಮ್ಮ ವಿಶ್ವಾಸಿ,
ಬಸವಪ್ರಭು

ತಾ.ಕ.: ಹಾಡಿನ ನಡುವೆ ತಮ್ಮ ಶ್ರುತಿ ಮೊದಲಿನಂತೆಯೇ ಕೆಳಗಿಳಿಯುತ್ತದೆ. ಅವ್ವನೂ ತಮ್ಮ ಜೊತೆಗೆ ಅಷ್ಟಷ್ಟೇ ಇಳಿಯುತ್ತಾಳೆ. ನಿನ್ನೆ ನಾನೂ ದನಿಗೂಡಿಸಿದಾಗ ಇಳಿಯದೆ ಉಳಿದವನು ನಾನೊಬ್ಬನೇ. ಹಾಡು ನಿಲ್ಲಿಸಿ ಅವ್ವ ನನ್ನನ್ನು ಹೊರಗೆ ಕಳಿಸಿದಳು.